ಜ್ವರ ಬಿಟ್ಟ ದಿನವೂ ಬಿಡದ ಮಲೇರಿಯಾ

ನಾಗರ ಪಂಚಮಿಗೆಂದು ಮಂಗಳೂರಿನಿಂದ ಹಾವೇರಿ ಕಡೆಯ ತನ್ನ ಹಳ್ಳಿಗೆ ಬಂದ ಒಬ್ಬ ಗೌಂಡಿಯನ್ನು ಊಹಿಸಿಕೊಳ್ಳಿ. ಬಂದ ಮೂರನೇ ದಿನ ಸಂಜೆ ಚಳಿ ಹತ್ತುತ್ತದೆ. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತವೆ. ತಾಸಿನೊಳಗೆ ಮೈ ಕೆಂಡವಾಗುತ್ತದೆ. ರಾತ್ರಿ ಅಂಗಿ ಹಿಂಡುವಷ್ಟು ಬೆವರು, ಆಮೇಲೆ ನಿದ್ದೆ. ಮರುದಿನ ಎದ್ದವನು ಏನೂ ಆಗಿಲ್ಲವೆಂಬಂತೆ ಹೊಲಕ್ಕೆ ಹೋಗಿ ಹೆಸರು ಬಿಡಿಸಿ ಬರುತ್ತಾನೆ. ಅದರ ಮರುದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ ಚಳಿ. ಈಗ ಮನೆಯವರು ಹತ್ತಿರದ ದವಾಖಾನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಹೇಳುವ ಮೊದಲ ಮಾತು ಬಹುತೇಕ ಒಂದೇ: "ಡಾಕ್ಟರ್ ಸಾಹೇಬ್ರ, ನಿತ್ರಾಣ ಭಾಳ ಆಗೇತಿ, ಒಂದ್ ಸಲಾಯಿನ್ ಹಚ್ರಿ."

ಸಲಾಯಿನ್ ಹಚ್ಚಿದ ಮರುದಿನ ಜ್ವರ ಇರುವುದಿಲ್ಲ. ಸಲಾಯಿನ್ ಹಚ್ಚದಿದ್ದರೂ ಇರುತ್ತಿರಲಿಲ್ಲ, ಏಕೆಂದರೆ ಅದು ಜ್ವರ ಬಿಡುವ ದಿನವೇ. ಬಾಟಲಿಗೆ ಸಿಕ್ಕ ಈ ಪುಕ್ಕಟೆ ಹೆಸರು ಮಲೇರಿಯಾದಲ್ಲಿ ಕೆಲವೊಮ್ಮೆ ಜೀವಕ್ಕೆ ತುಟ್ಟಿಯಾಗುತ್ತದೆ. ಯಾಕೆ ಎಂದು ತಿಳಿಯಲು ಜ್ವರವನ್ನು ಪಕ್ಕಕ್ಕಿಟ್ಟು ರಕ್ತದೊಳಗೆ ನೋಡಬೇಕು.

ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುವ ಹೆಣ್ಣು ಅನಾಫಿಲಿಸ್ ಸೊಳ್ಳೆ ತನ್ನ ಜೊಲ್ಲಿನ ಜತೆಗೆ ಚರ್ಮದೊಳಗೆ ಬಿಡುವುದು ಸಾಮಾನ್ಯವಾಗಿ ಕೆಲವು ಹತ್ತು ಮಲೇರಿಯಾ ಪರಾವಲಂಬಿಗಳನ್ನು. ಅವುಗಳಲ್ಲಿ ರಕ್ತಕ್ಕೆ ಇಳಿದವು ತಾಸೊಪ್ಪತ್ತಿನಲ್ಲಿ ಲಿವರ್ ಸೇರುತ್ತವೆ. ಅಲ್ಲಿ ವಾರದ ಮಟ್ಟಿಗೆ ಸದ್ದಿಲ್ಲ, ಜ್ವರವಿಲ್ಲ. ಆದರೆ ಒಂದೊಂದೂ ಹತ್ತಾರು ಸಾವಿರ ಮರಿಗಳಾಗಿ ಹೊರಬಂದು ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ಈ ಪರಾವಲಂಬಿಯ ಎರಡು ಮುಖ್ಯ ಜಾತಿಗಳು ವೈವ್ಯಾಕ್ಸ್ ಮತ್ತು ಹೆಚ್ಚು ಅಪಾಯದ ಫಾಲ್ಸಿಪ್ಯಾರಮ್. ಕಚ್ಚಿಸಿಕೊಂಡ ದಿನದಿಂದ ಜ್ವರ ಬರಲು ಫಾಲ್ಸಿಪ್ಯಾರಮ್‌ನಲ್ಲಿ ಸಾಮಾನ್ಯವಾಗಿ 9ರಿಂದ 14 ದಿನ, ವೈವ್ಯಾಕ್ಸ್‌ನಲ್ಲಿ 12ರಿಂದ 17 ದಿನ ಬೇಕು. ಹೀಗಾಗಿ ಕಚ್ಚಿದ್ದು ಮಂಗಳೂರಿನ ಕಟ್ಟಡದ ತಳದಲ್ಲಿ ನಿಂತ ನೀರಿನ ಸೊಳ್ಳೆ, ಚಳಿ ಹತ್ತಿದ್ದು ಹಾನಗಲ್ಲಿನಲ್ಲೋ ರೋಣದಲ್ಲೋ. "ಎಲ್ಲಿಗೆ ಹೋಗಿದ್ದಿ, ಯಾವಾಗ ಬಂದಿ?" ಎಂಬ ಒಂದು ಪ್ರಶ್ನೆ ಇಲ್ಲಿ ಅರ್ಧ ರೋಗನಿದಾನ ಮಾಡಿಬಿಡುತ್ತದೆ. ಕೇಳುವವರು ಕಡಿಮೆ.

ಕೆಂಪುಕಣದೊಳಗೆ ಕುಳಿತ ಪರಾವಲಂಬಿಗೆ ಊಟವೆಂದರೆ ಹಿಮೋಗ್ಲೋಬಿನ್. ಕಣದಲ್ಲಿರುವ ಹಿಮೋಗ್ಲೋಬಿನ್‌ನ ಮುಕ್ಕಾಲು ಪಾಲನ್ನು ಅದು ತಿಂದು ಅರಗಿಸಬಲ್ಲದು. ಆದರೆ ಹಿಮೋಗ್ಲೋಬಿನ್ ಒಡೆದಾಗ ಉಳಿಯುವ ಹೀಮ್ ಎಂಬ ಕಬ್ಬಿಣದ ಅಂಶ ಅದಕ್ಕೇ ವಿಷ. ಅದನ್ನು ಹರಳುಗಟ್ಟಿಸಿ ಕಂದುಬಣ್ಣದ ಪುಡಿಯಾಗಿ ಮೂಲೆಗೆ ಒತ್ತಿಟ್ಟುಕೊಳ್ಳುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಈ ಪುಡಿ ಕಾಣುತ್ತದೆ, ಹೆಸರು ಹೀಮೋಜೋಯಿನ್. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಗುಳಿಗೆ ಮಾಡುವ ಕೆಲಸ ಇಷ್ಟೇ: ಹರಳು ಕಟ್ಟಲು ಬಿಡುವುದಿಲ್ಲ. ಪರಾವಲಂಬಿ ತನ್ನ ಊಟದ ವಿಷದಿಂದಲೇ ಸಾಯುತ್ತದೆ. ಆರ್ಟಿಸುನೇಟ್ ಕೂಡ ಅದೇ ಕಬ್ಬಿಣ ತಾಗಿದಾಗ ಸಿಡಿದು ಕೆಲಸಕ್ಕಿಳಿಯುವ ಔಷಧ.

ನಲವತ್ತೆಂಟು ತಾಸಿಗೆ ಕಣ ಒಡೆಯುತ್ತದೆ. ಒಂದೊಂದು ಕಣದಿಂದಲೂ 8ರಿಂದ 24 ಹೊಸ ಮರಿಗಳು. ಜತೆಗೆ ಆ ಹರಳಿನ ಪುಡಿ, ಪೊರೆಯ ಚೂರುಗಳು. ಇವನ್ನು ನುಂಗಿದ ಬಿಳಿಕಣಗಳು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಮಿದುಳಿನ ಉಷ್ಣತೆಯ ಗುರಿಯನ್ನು 37 ಡಿಗ್ರಿಯಿಂದ 40ಕ್ಕೆ ಏರಿಸುತ್ತವೆ. ಗುರಿ 40, ಮೈ ಇನ್ನೂ 37. ಆ ಮೂರು ಡಿಗ್ರಿಯ ಕೊರತೆಯೇ ಚಳಿ. ನಡುಕ ಸ್ನಾಯುಗಳಿಂದ ಶಾಖ ಹುಟ್ಟಿಸುತ್ತದೆ. ಅದು ಕಾಲು ತಾಸಿನಿಂದ ಒಂದು ತಾಸು. ಗುರಿ ಮುಟ್ಟಿದ ಮೇಲೆ 2ರಿಂದ 6 ತಾಸು ಉರಿ. ರಾಸಾಯನಿಕಗಳು ಕರಗಿ ಗುರಿ ಕೆಳಗಿಳಿದಾಗ ಬೆವರು. ಬಿಡುವಿನ ದಿನ ಜ್ವರ ಇಲ್ಲದಿರುವುದಕ್ಕೆ ಕಾರಣ ಅಂದು ಕಣಗಳು ಒಡೆಯದಿರುವುದು. ಒಳಗೆ ಮುಂದಿನ ತಂಡ ಬೆಳೆಯುತ್ತಲೇ ಇರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ: ದಿನ ಬಿಟ್ಟು ದಿನ ಬಂದರೆ ಮಾತ್ರ ಮಲೇರಿಯಾ ಎಂಬುದು. ವೈವ್ಯಾಕ್ಸ್‌ನಲ್ಲೂ ಮೊದಲ ಕೆಲವು ದಿನ ಜ್ವರ ದಿನಾ ಬರಬಹುದು. ಫಾಲ್ಸಿಪ್ಯಾರಮ್‌ನಲ್ಲಂತೂ ಬೇರೆ ಬೇರೆ ತಂಡಗಳು ಬೇರೆ ಬೇರೆ ಹೊತ್ತಿಗೆ ಒಡೆಯುವುದರಿಂದ ಜ್ವರಕ್ಕೆ ತಾಳವೇ ಇರುವುದಿಲ್ಲ.

ಒಂದು ಲೆಕ್ಕ ನೋಡಿ. ಮೊದಲ ಜ್ವರ ಬರುವ ಹೊತ್ತಿಗೆ ಮೈಯಲ್ಲಿ ಸುಮಾರು 10 ಕೋಟಿ ಪರಾವಲಂಬಿಗಳಿರುತ್ತವೆ. ಪ್ರತಿ ಎರಡು ದಿನಕ್ಕೆ ಹತ್ತು ಪಟ್ಟು ಎಂದಿಟ್ಟುಕೊಂಡರೆ 100 ಕೋಟಿ, 1,000 ಕೋಟಿ, 10,000 ಕೋಟಿ, ಎಂಟನೇ ದಿನಕ್ಕೆ ಒಂದು ಲಕ್ಷ ಕೋಟಿ. ದೊಡ್ಡವರೊಬ್ಬರ ಮೈಯಲ್ಲಿರುವ ಒಟ್ಟು ಕೆಂಪುಕಣಗಳು ಸುಮಾರು 25 ಲಕ್ಷ ಕೋಟಿ. ಅಂದರೆ ಎಂಟು ದಿನದಲ್ಲಿ ನೂರರಲ್ಲಿ ನಾಲ್ಕು ಕಣ ಕೈಬಿಟ್ಟವು. ವೈವ್ಯಾಕ್ಸ್ ಎಳೆಯ ಕಣಗಳನ್ನು ಮಾತ್ರ ಹಿಡಿಯುವುದರಿಂದ ಸಾಮಾನ್ಯವಾಗಿ ನೂರಕ್ಕೆ ಎರಡರ ಆಚೆ ಹೋಗುವುದಿಲ್ಲ. ಫಾಲ್ಸಿಪ್ಯಾರಮ್‌ಗೆ ಎಳೆಯದು, ಹಳೆಯದು ಎಂಬ ಭೇದವಿಲ್ಲ. "ನಾಕ್ ದಿನ ನೋಡೂಣು" ಎನ್ನುವುದು ಈ ಲೆಕ್ಕದಲ್ಲಿ ನೂರು ಪಟ್ಟು.

ಫಾಲ್ಸಿಪ್ಯಾರಮ್‌ನ ನಿಜವಾದ ಅಪಾಯ ಸಂಖ್ಯೆಯಲ್ಲಿ ಮಾತ್ರ ಇಲ್ಲ. ಕಣ ಹೊಕ್ಕು ಸುಮಾರು ಒಂದು ದಿನ ಕಳೆಯುತ್ತಿದ್ದಂತೆ ಅದು ಕಣದ ಮೈಮೇಲೆ ಸಣ್ಣ ಗುಬುಟುಗಳನ್ನು ಎಬ್ಬಿಸಿ, ಅವುಗಳ ಮೇಲೆ ಒಂದು ಅಂಟುವ ಪ್ರೋಟೀನನ್ನು ಹೊರಚಾಚುತ್ತದೆ. ಯಾಕೆಂದರೆ ಗಡುಸಾದ ಕಣ ರಕ್ತ ಸೋಸುವ ಗುಲ್ಮದ (ಸ್ಪ್ಲೀನ್) ಮೂಲಕ ಹಾದರೆ ಸಿಕ್ಕಿಬೀಳುತ್ತದೆ. ಗುಲ್ಮದ ಕಿಂಡಿಗಳು ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಷ್ಟೇ. ಆ ತಪಾಸಣೆ ತಪ್ಪಿಸಿಕೊಳ್ಳಲು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಕುಳಿತುಬಿಡುತ್ತದೆ. ಆ ಪ್ರೋಟೀನ್‌ಗೆ ಸುಮಾರು 60 ಬೇರೆ ಬೇರೆ ಜೀನ್‌ಗಳಿವೆ. ದೇಹ ಒಂದನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ವೇಷ. ಅಂಟಿದ ಕಣಗಳ ಪಕ್ಕ ಸೋಂಕಿಲ್ಲದ ಕಣಗಳೂ ಗೊಂಚಲು ಕಟ್ಟುತ್ತವೆ. ಸೋಂಕಿಲ್ಲದ ಕಣಗಳು ಕೂಡ ಬಳುಕುವ ಗುಣ ಕಳೆದುಕೊಳ್ಳುತ್ತವೆ. ಎಂಟು ಮೈಕ್ರಾನ್‌ನ ಕಣ ಐದು ಮೈಕ್ರಾನ್‌ನ ನಾಳದಲ್ಲಿ ನುಸುಳಬೇಕಾದಲ್ಲಿ ಬಳುಕದಿದ್ದರೆ ಏನಾಗುತ್ತದೆ? ಹುಬ್ಬಳ್ಳಿಯ ದುರ್ಗದ ಬೈಲಿನ ಸಂಜೆಯ ಸಂದಿಯಲ್ಲಿ ಒಂದು ಟಂಟಂ ಕೆಟ್ಟು ನಿಂತಂತೆ. ಮುಖ್ಯರಸ್ತೆಯಲ್ಲಿ ಗಾಡಿಗಳು ಓಡುತ್ತಲೇ ಇರುತ್ತವೆ, ಒಳಗಿನ ಓಣಿಗೆ ಸಾಮಾನು ಮುಟ್ಟುವುದಿಲ್ಲ. ಬಿ.ಪಿ. ಸರಿ ಇದೆ, ನಾಡಿ ಸಿಗುತ್ತಿದೆ. ಮಿದುಳು, ಕಿಡ್ನಿ, ಕರುಳಿನ ಒಳಓಣಿಗಳಿಗೆ ಆಮ್ಲಜನಕ ಇಲ್ಲ.

ಇದೇ ಕಾರಣಕ್ಕೆ ಬೆರಳಿನಿಂದ ತೆಗೆದ ರಕ್ತದಲ್ಲಿ ಕಾಣುವುದು ಎಳೆಯ ಉಂಗುರಾಕಾರದ ಪರಾವಲಂಬಿಗಳು ಮಾತ್ರ. ಬಲಿತವು ಒಳಗೆ ಅಡಗಿವೆ. ಸ್ಲೈಡಿನಲ್ಲಿ ಕಡಿಮೆ ಕಂಡಿತೆಂದು ರೋಗ ಕಡಿಮೆ ಎನ್ನಲಾಗದು. ಬಲಿತವೂ ಬೆರಳಿನ ರಕ್ತಕ್ಕೆ ಬಂದಿವೆ ಎಂದರೆ, ಒಳಗೆ ತುಂಬಿ ಹೊರಚೆಲ್ಲುತ್ತಿದೆ ಎಂದೇ ಅರ್ಥ.

ಇದರಿಂದ ಮುಂದಿನದೆಲ್ಲ ಹುಟ್ಟುತ್ತದೆ. ಆಮ್ಲಜನಕ ಸಿಗದ ಜೀವಕೋಶಗಳು ಸಕ್ಕರೆಯನ್ನು ಅರ್ಧಂಬರ್ಧ ಉರಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ರಕ್ತ ಹುಳಿಯಾಗುತ್ತದೆ, ಅದನ್ನು ಸರಿಪಡಿಸಲು ರೋಗಿ ಆಳವಾಗಿ, ಬಿರುಸಾಗಿ ಉಸಿರಾಡುತ್ತಾನೆ. ನೋಡಿದವರು ದಮ್ಮು ಎನ್ನುತ್ತಾರೆ, ಎದೆ ಮಾತ್ರ ಸ್ವಚ್ಛವಾಗಿರುತ್ತದೆ. ಪರಾವಲಂಬಿ ಹೊಕ್ಕ ಕಣ ಸಾಮಾನ್ಯ ಕಣಕ್ಕಿಂತ ಹತ್ತಾರು ಪಟ್ಟು ಗ್ಲೂಕೋಸ್ ಎಳೆಯುತ್ತದೆ. ದಣಿದ ಲಿವರ್ ಹೊಸ ಗ್ಲೂಕೋಸ್ ಕಟ್ಟಲಾರದು. ಸಕ್ಕರೆ 40 ಮಿ.ಗ್ರಾಂಗಿಂತ ಕೆಳಗಿಳಿದರೆ ಎಚ್ಚರ ತಪ್ಪುತ್ತದೆ, ಫಿಟ್ಸ್ ಬರುತ್ತದೆ, ಅದನ್ನು ನೋಡಿ ಮಿದುಳಿಗೆ ಏರಿತು ಎಂದುಕೊಳ್ಳುತ್ತಾರೆ. ಒಡೆದ ಕಣಗಳ ಹಿಮೋಗ್ಲೋಬಿನ್ ಕಿಡ್ನಿಯ ನಾಳಗಳನ್ನು ಸುಡುತ್ತದೆ. ರಕ್ತಹೀನತೆಯೂ ಒಡೆದ ಕಣಗಳ ಲೆಕ್ಕಕ್ಕೆ ಮೀರಿದ್ದು: ಗುಲ್ಮವು ಸೋಂಕಿಲ್ಲದ ಕಣಗಳನ್ನೂ ಹಿಡಿದು ನುಂಗುತ್ತದೆ, ಎಲುಬಿನ ಮಜ್ಜೆ ಹೊಸ ಕಣ ಮಾಡುವುದನ್ನು ತಗ್ಗಿಸುತ್ತದೆ. ಬಯಲುಸೀಮೆಯ ನಮ್ಮ ಜಿಲ್ಲೆಗಳಲ್ಲಿ ದೊಡ್ಡವರಿಗೂ ಮಲೇರಿಯಾದ ರೋಗನಿರೋಧಕ ಶಕ್ತಿ ಇಲ್ಲವೆನ್ನಬೇಕು. ಆದ್ದರಿಂದ ದುಡಿಯುವ ವಯಸ್ಸಿನ ಗಟ್ಟಿಮುಟ್ಟಾದವರಲ್ಲೇ ಕಾಮಣಿ, ಕಿಡ್ನಿ ಸೋಲು, ಶ್ವಾಸಕೋಶದಲ್ಲಿ ನೀರು ಕಾಣುತ್ತವೆ. ಮಕ್ಕಳಲ್ಲಿ ಫಿಟ್ಸ್, ರಕ್ತಹೀನತೆ, ಸಕ್ಕರೆ ಇಳಿತ ಹೆಚ್ಚು. ಚೊಚ್ಚಲ ಬಸುರಿಯ ಮಾಸು ಆ ಅಂಟುವ ಕಣಗಳಿಗೆ ಹೊಸ ಜಾಗ. ಅದನ್ನು ತಡೆಯುವ ಪ್ರತಿಕಾಯ ಅವಳಲ್ಲಿ ಇನ್ನೂ ಹುಟ್ಟಿರುವುದಿಲ್ಲ. ತವರಿಗೆ ಬಂದ ಬಸುರಿಗೆ ಚಳಿಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಆಗಬೇಕು.

ಪರೀಕ್ಷೆ ಕಷ್ಟದ್ದಲ್ಲ. ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುವ ಕಿಟ್ 15–20 ನಿಮಿಷದಲ್ಲಿ ಎರಡೂ ಜಾತಿಗೆ ಉತ್ತರ ಕೊಡುತ್ತದೆ. ಸ್ಲೈಡಿನಲ್ಲಿ ದಪ್ಪ ಲೇಪ ಇದೆಯೋ ಇಲ್ಲವೋ ಎಂದು ಹೇಳುತ್ತದೆ, ತೆಳು ಲೇಪ ಯಾವ ಜಾತಿ, ಎಷ್ಟು ಎಂದು ಹೇಳುತ್ತದೆ. ಒಮ್ಮೆ ನೆಗೆಟಿವ್ ಬಂದು ಅನುಮಾನ ಉಳಿದರೆ 12–24 ತಾಸಿಗೊಮ್ಮೆ ಮತ್ತೆರಡು ಸಲ ನೋಡಬೇಕು. ಕಿಟ್ ಗುರುತಿಸುವ ಫಾಲ್ಸಿಪ್ಯಾರಮ್ ಪ್ರೋಟೀನ್ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಗುಣವಾಯಿತೇ ಎಂದು ನೋಡಲು ಸ್ಲೈಡೇ ಬೇಕು. ತೊಡಕಿರುವುದು ಬೇರೆಡೆ. ಮಲೇರಿಯಾದಲ್ಲಿ ಟೈಫಾಯಿಡ್‌ಗೆಂದು ಮಾಡುವ ವಿಡಾಲ್ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು, ಹೀಗಾಗಿ "ಟೈಫಾಯಿಡ್ ಐತಿ" ಎಂದು ವಾರ ಕಳೆದುಹೋಗುತ್ತದೆ. ಪ್ಲೇಟ್‌ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಡೆಂಗಿ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ 50 ಸಾವಿರಕ್ಕೆ ಇಳಿಯುವುದು ವಿಶೇಷವಲ್ಲ. ಪರಾವಲಂಬಿ ಸತ್ತ ಕೆಲವೇ ದಿನಗಳಲ್ಲಿ ತಾನಾಗಿ ಏರುತ್ತದೆ. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ ಬಾಟಲಿಗೆ ಓಡಾಡುವುದು, ಪಪ್ಪಾಯಿ ಎಲೆ ಅರೆಯುವುದು ಎರಡೂ ಹೊತ್ತು ಹಾಳು.

ಇನ್ನು ಚಿಕಿತ್ಸೆ. ಮೊದಲು ಪರಾವಲಂಬಿ ಸಾಯಬೇಕು, ಉಳಿದದ್ದೆಲ್ಲ ಅಲ್ಲಿಯವರೆಗೆ ರೋಗಿಯನ್ನು ಉಳಿಸಿಕೊಳ್ಳುವ ಕೆಲಸ. ತೀವ್ರ ಮಲೇರಿಯಾಕ್ಕೆ ಆರ್ಟಿಸುನೇಟ್ ಸೂಜಿಮದ್ದು: ಪ್ರತಿ ಕಿಲೋಗೆ 2.4 ಮಿ.ಗ್ರಾಂ, 20 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ 3 ಮಿ.ಗ್ರಾಂ, ಬಂದ ಕೂಡಲೇ, 12ನೇ ತಾಸಿಗೆ, 24ನೇ ತಾಸಿಗೆ, ಆಮೇಲೆ ದಿನಕ್ಕೊಂದು. ಬಾಯಿಂದ ಗುಳಿಗೆ ತೆಗೆದುಕೊಳ್ಳುವಂತಾದ ಮೇಲೆ ಮೂರು ದಿನದ ಸಂಯೋಜಿತ ಗುಳಿಗೆಗಳ ಪೂರ್ತಿ ಕೋರ್ಸು. ಹಿಂದಿನ ಕ್ವಿನೈನ್ ಬಲಿತ ಪರಾವಲಂಬಿಗಳ ಮೇಲೆ ಕೆಲಸ ಮಾಡುತ್ತಿತ್ತು. ಆರ್ಟಿಸುನೇಟ್ ಉಂಗುರದ ಹಂತದಲ್ಲೇ, ಅಂದರೆ ಗೋಡೆಗೆ ಅಂಟುವ ಮೊದಲೇ ಕೊಲ್ಲುತ್ತದೆ. ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೊನೇಷ್ಯಾಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಜನ ತೀರಿಕೊಂಡರೆ ಆರ್ಟಿಸುನೇಟ್ ಪಡೆದವರಲ್ಲಿ 15. ಈ ಔಷಧವನ್ನು ಸ್ನಾಯುವಿಗೂ ಕೊಡಬಹುದು. ಆದ್ದರಿಂದ ಹಾವೇರಿ, ಗದಗದ ತಾಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಗೆ ಕಳಿಸುವುದಾದರೆ ಮೊದಲ ಸೂಜಿ ಆಂಬುಲೆನ್ಸ್ ಹೊರಡುವ ಮುಂಚೆಯೇ ಬೀಳಬೇಕು. ಪುಡಿಯನ್ನು ಜತೆಗಿರುವ ಬೈಕಾರ್ಬೊನೇಟ್‌ನಲ್ಲಿ ಕರಗಿಸಿ, ತೆಳುವಾಗಿಸಿ, ತಾಸಿನೊಳಗೆ ಬಳಸಬೇಕು; ಬೆಳಿಗ್ಗೆ ಕಲಸಿಟ್ಟದ್ದು ಸಂಜೆಗೆ ಬಾರದು.

ಈಗ ಸಲಾಯಿನ್ ಮಾತಿಗೆ ಬರೋಣ. ಅರ್ಧ ಲೀಟರಿನ ಸಾದಾ ಸಲಾಯಿನ್ ಬಾಟಲಿಯಲ್ಲಿ ಇರುವುದು ನಾಲ್ಕೂವರೆ ಗ್ರಾಂ ಉಪ್ಪು. ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ, ನೂರು ಕ್ಯಾಲರಿ. ಪಂಚಮಿಯ ಒಂದು ಶೇಂಗಾ ಉಂಡಿ ಅಷ್ಟನ್ನು ಆರಾಮಾಗಿ ಕೊಡುತ್ತದೆ. ಕುಡಿಯಲು ಬರುವ ರೋಗಿಗೆ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್, ಮಜ್ಜಿಗೆ, ನುಚ್ಚಿನ ಗಂಜಿ ಸಾಕು. ತೀವ್ರ ಮಲೇರಿಯಾದಲ್ಲಂತೂ ತೊಂದರೆ ನೀರಿನ ಕೊರತೆಗಿಂತ ನಾಳಗಳ ಅಡಚಣೆ. ಮೇಲಿನಿಂದ ನೀರು ಸುರಿದರೆ ಅಂಟಿದ ಕಣ ಕಿತ್ತುಹೋಗುವುದಿಲ್ಲ. ಉರಿಯೂತದಿಂದ ಸೋರುವಂತಾಗಿರುವ ಶ್ವಾಸಕೋಶದ ನಾಳಗಳಿಂದ ಆ ನೀರು ಗಾಳಿಚೀಲಕ್ಕೆ ಇಳಿಯುತ್ತದೆ. ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳಲ್ಲಿ ತೀವ್ರ ಜ್ವರದ ಮಕ್ಕಳ ಮೇಲೆ ನಡೆದ ಪ್ರಯೋಗ 2011ರಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. ದ್ರವವನ್ನು ರಭಸವಾಗಿ ಏರಿಸಿದವರಲ್ಲಿ 48 ತಾಸಿನೊಳಗೆ ನೂರಕ್ಕೆ ಹತ್ತಕ್ಕೂ ಹೆಚ್ಚು ಸಾವು, ಹಾಗೆ ಏರಿಸದವರಲ್ಲಿ 7.3. ಆದ್ದರಿಂದ ದ್ರವ ಕೊಡುವುದು ಲೆಕ್ಕ ಹಿಡಿದು, ಉಸಿರಾಟ ಎಣಿಸುತ್ತ, ಮೂತ್ರ ಅಳೆಯುತ್ತ. ದೊಡ್ಡವರಲ್ಲಿ ದಿನಕ್ಕೆ 400 ಮಿ.ಲೀ.ಗಿಂತ ಕಡಿಮೆ ಮೂತ್ರವೆಂದರೆ ಇನ್ನೊಂದು ಬಾಟಲಿಗಿಂತ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮುಖ್ಯ. ಅದು 3 ಮಿ.ಗ್ರಾಂ ದಾಟಿದ್ದರೆ ಡಯಾಲಿಸಿಸ್ ಇರುವಲ್ಲಿಗೆ ಹೊರಡುವ ಹೊತ್ತು.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ: ಕಿಲೋಗೆ 15 ಮಿ.ಗ್ರಾಂ, ಆರು ತಾಸಿನ ಅಂತರದಲ್ಲಿ. ಬಾಂಗ್ಲಾದೇಶದ ಒಂದು ಪ್ರಯೋಗದಲ್ಲಿ ಅದು ಕಿಡ್ನಿಗೂ ಒಂದಿಷ್ಟು ರಕ್ಷಣೆ ಕೊಟ್ಟಂತೆ ಕಂಡಿದೆ. ಬಿಡುಗಡೆಯಾದ ಹಿಮೋಗ್ಲೋಬಿನ್‌ನ ಸುಡುವ ಗುಣವನ್ನು ತಗ್ಗಿಸುತ್ತದೆಂಬುದು ವಿವರಣೆ. ಆದರೆ ಜ್ವರ ಗಪ್ಪನೆ ಇಳಿಸಲು ಕೊಡುವ ಡೈಕ್ಲೋಫೆನಾಕ್ ಸೂಜಿ, ಆಸ್ಪಿರಿನ್, ಐಬುಪ್ರೊಫೆನ್ ಮೊದಲೇ ಬಳಲಿದ ಕಿಡ್ನಿಗೆ ಹೊರೆ, ಹೊಟ್ಟೆಯಲ್ಲಿ ರಕ್ತಸ್ರಾವಕ್ಕೂ ದಾರಿ.

ಎಚ್ಚರ ತಪ್ಪಿದವರಿಗೆ ಮೊದಲ ಪರೀಕ್ಷೆ ಗ್ಲುಕೋಮೀಟರ್ ಪಟ್ಟಿಯದು, ನಾಲ್ಕು ತಾಸಿಗೊಮ್ಮೆ. ಸಕ್ಕರೆ ಇಳಿದಿದ್ದರೆ ಮಕ್ಕಳಿಗೆ ಶೇ. 10ರ ಡೆಕ್ಸ್‌ಟ್ರೋಸ್ ಕಿಲೋಗೆ 5 ಮಿ.ಲೀ. ದಾರಿಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನು ಕೆಲವು ಹನಿ ನೀರಿನಲ್ಲಿ ತೇವ ಮಾಡಿ ನಾಲಿಗೆಯ ಕೆಳಗಿಡಬಹುದು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು, ಹಾಲು ಹೊಯ್ಯಬಾರದು, ಮಗ್ಗುಲಾಗಿ ಮಲಗಿಸಬೇಕು. ರಕ್ತ ಏರಿಸುವುದು ನಮ್ಮಂಥ ಕಡಿಮೆ ಮಲೇರಿಯಾದ ಪ್ರದೇಶಗಳಲ್ಲಿ ಹಿಮೋಗ್ಲೋಬಿನ್ 7 ಗ್ರಾಂಗಿಂತ ಇಳಿದಾಗ. ಮಿದುಳಿನ ಬಾವು ಇಳಿಸಲೆಂದು ಕೊಡುವ ಸ್ಟಿರಾಯ್ಡ್ ಕಥೆ 1982ಕ್ಕೇ ಮುಗಿಯಬೇಕಿತ್ತು: ಥಾಯ್ಲೆಂಡಿನಲ್ಲಿ ಡೆಕ್ಸಾಮೆಥಾಸೋನ್ ಪಡೆದವರು ಹೆಚ್ಚು ಹೊತ್ತು ಎಚ್ಚರವಿಲ್ಲದೆ ಉಳಿದರು, ನ್ಯುಮೋನಿಯಾ, ಹೊಟ್ಟೆಯ ರಕ್ತಸ್ರಾವವೂ ಹೆಚ್ಚಿದವು. ಒಡಿಶಾದ ರೂರ್ಕೆಲಾದ ಪ್ರಯೋಗದಲ್ಲಿ, ಅದೇ ಬಾವು ಇಳಿಸಲೆಂದು ಕೊಡುವ ಮ್ಯಾನಿಟಾಲ್‌ನ ಗತಿಯೂ ಅದೇ. ಫಿಟ್ಸ್ ಬಂದರೆ ನಿಲ್ಲಿಸಬೇಕು ಸರಿ, ಬರದಿರಲೆಂದು ಮುಂಚೆಯೇ ಫಿನೋಬಾರ್ಬಿಟೋನ್ ಕೊಟ್ಟ ಕೀನ್ಯಾದ ಮಕ್ಕಳಲ್ಲಿ ಫಿಟ್ಸ್ ಕಡಿಮೆಯಾಗಿ ಸಾವು ಹೆಚ್ಚಾದವು. ಇಷ್ಟಾದರೂ "ಒಂದ್ ಡೆಕ್ಸಾ ಮಾಡ್ರಿ" ಎಂಬುದು ಸಣ್ಣ ಕ್ಲಿನಿಕ್ಕುಗಳಲ್ಲಿ ಇನ್ನೂ ನಿಂತಿಲ್ಲ.

ಆರ್ಟಿಸುನೇಟ್ ಸೂಜಿ ಪಡೆದು ಮನೆಗೆ ಹೋದವರಲ್ಲಿ ಕೆಲವರಿಗೆ ಒಂದರಿಂದ ಮೂರು ವಾರದ ನಡುವೆ ಮತ್ತೆ ರಕ್ತ ಇಳಿಯುತ್ತದೆ. ಔಷಧದಿಂದ ಸತ್ತ ಉಂಗುರವನ್ನು ಗುಲ್ಮ ಕಣದಿಂದ ಕಿತ್ತು ತೆಗೆದು ಕಣವನ್ನು ಹಾಗೇ ಬಿಟ್ಟಿರುತ್ತದೆ, ಆ ಗಾಯಗೊಂಡ ಕಣಗಳ ಆಯಸ್ಸು ಸಣ್ಣದು. ಡಿಸ್ಚಾರ್ಜ್ ಆದ ಮೇಲೆ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಬೇಕೆಂದು ಚೀಟಿಯಲ್ಲಿ ಬರೆದಿರದಿದ್ದರೆ ಕೇಳಿ ಬರೆಸಿಕೊಳ್ಳಿ.

ನಮ್ಮ ಗೌಂಡಿಗೆ ಬಂದದ್ದು ವೈವ್ಯಾಕ್ಸ್ ಆಗಿದ್ದರೆ ದಾರಿ ಸರಳ, ಆದರೆ ಉದ್ದ. 250 ಮಿ.ಗ್ರಾಂ ಕ್ಲೋರೋಕ್ವಿನ್ ಗುಳಿಗೆಗಳು ದೊಡ್ಡವರಿಗೆ ಮೊದಲ ದಿನ ನಾಲ್ಕು, ಎರಡನೇ ದಿನ ನಾಲ್ಕು, ಮೂರನೇ ದಿನ ಎರಡು, ಊಟವಾದ ಮೇಲೆ. ಅರ್ಧ ತಾಸಿನೊಳಗೆ ವಾಂತಿಯಾದರೆ ಅಷ್ಟನ್ನೂ ಮತ್ತೆ ಕೊಡಬೇಕು. ಇದು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಲಿವರ್‌ನಲ್ಲಿ ನಿದ್ದೆ ಹೋದ ವೈವ್ಯಾಕ್ಸ್ ಮರಿಗಳಿಗೆ ಇದು ತಾಗುವುದೇ ಇಲ್ಲ. ಅವು ವಾರಗಳ, ತಿಂಗಳುಗಳ ನಂತರ, ಯಾವ ಸೊಳ್ಳೆಯೂ ಕಚ್ಚದೆ ಎದ್ದುಬರುತ್ತವೆ. ಅವಕ್ಕೆ ಪ್ರೈಮಾಕ್ವಿನ್ 15 ಮಿ.ಗ್ರಾಂ, ಅಂದರೆ 7.5ರ ಎರಡು ಗುಳಿಗೆ, ದಿನಾ, 14 ದಿನ. ಬಸುರಿಯರಿಗೆ, ಒಂದು ವರ್ಷದೊಳಗಿನ ಕೂಸುಗಳಿಗೆ ಇದು ಸಲ್ಲದು. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರಲ್ಲಿ ಇದು ಕೆಂಪುಕಣಗಳನ್ನು ಒಡೆಯುತ್ತದೆ. ಮೂತ್ರ ಕರೀ ಚಹಾದ ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ತಪ್ಪುವುದು ಹೆಚ್ಚಾಗಿ ಇಲ್ಲೇ. ನಾಲ್ಕನೇ ದಿನಕ್ಕೆ ಜ್ವರವಿಲ್ಲ, ಐದನೇ ದಿನ ಪಂಚಮಿಯ ಜೋಕಾಲಿ ಇಳಿಸುತ್ತಾರೆ, ಆರನೇ ದಿನ ಗುತ್ತಿಗೆದಾರನ ಫೋನು, ಏಳನೇ ದಿನ ಮಂಗಳೂರು ಬಸ್ಸು. ಉಳಿದ ಗುಳಿಗೆ ಗೂಡಿನಲ್ಲಿ. ದೀಪಾವಳಿಗೆ ಮತ್ತೆ ಬಂದಾಗ ಚಳಿ ಹತ್ತಿದರೆ ಆ ಹೊತ್ತಿಗೆ ಅವನ ರಕ್ತ ಕುಡಿಯಲು ನಮ್ಮಲ್ಲೂ ಅನಾಫಿಲಿಸ್ ಇದೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ, ಗದಗದಲ್ಲಿ, ನಳದ ನೀರು ವಾರಗಟ್ಟಲೆ ಕಾಯಿಸಿ ಬರುತ್ತದೆ. ಸಂಪು, ಬ್ಯಾರಲ್, ಮುಚ್ಚಳ ಸರಿದ ಸಿಂಟೆಕ್ಸ್ ಎಲ್ಲ ತುಂಬಿಟ್ಟುಕೊಳ್ಳುವುದು ಅನಿವಾರ್ಯ. ಬಿಸಿಲ ನಾಡಿನಲ್ಲಿ ತತ್ತಿ ಸೊಳ್ಳೆಯಾಗಿ ಹಾರಲು ಬೇಕಾದ ಸಮಯವೂ ಒಂದೂವರೆ ವಾರದೊಳಗೆ. ಭಾರತ 2027ಕ್ಕೆ ಸ್ಥಳೀಯ ಮಲೇರಿಯಾ ಶೂನ್ಯ, 2030ಕ್ಕೆ ನಿರ್ಮೂಲನೆ ಎಂಬ ಗುರಿ ಇಟ್ಟುಕೊಂಡಿದೆ. ರೋಗಿಯ ಜತೆಗೇ ಬಸ್ಸು ಹತ್ತುವ ಈ ಏಳು ದಿನದ ಬಾಕಿ ಗುಳಿಗೆಗೆ ಲೆಕ್ಕ ಇಡುವವರು ಯಾರು ಎಂಬುದು ಊರಿನ ಆರೋಗ್ಯ ಕೇಂದ್ರಕ್ಕೂ ಗೊತ್ತಿರುವುದಿಲ್ಲ, ಮಂಗಳೂರಿನದಕ್ಕೂ. ಸದ್ಯಕ್ಕೆ ಆಗಬಹುದಾದದ್ದು ಸಣ್ಣದು: ಮೊದಲ ದಿನದ ದಿನಾಂಕವನ್ನು ಗುಳಿಗೆಯ ಪಟ್ಟಿಯ ಮೇಲೆಯೇ ಪೆನ್ನಿನಿಂದ ಬರೆದು, ಹದಿನಾಲ್ಕೂ ದಿನದ ಗುಳಿಗೆ ಅವನ ಚೀಲದಲ್ಲಿ ಹಾಕಿ, ಆಶಾ ಅಕ್ಕನ ನಂಬರು ಅವನ ಫೋನಿನಲ್ಲಿ ಉಳಿಸುವುದು.